ವಂಶವೂ ವಹಿಯೂ

ಸುಗ್ಗಿ ಮುಗಿದು ಕಣದಲ್ಲಿ ರಾಶಿ ಬಿದ್ದ ಮೇಲೆ ನಮ್ಮ ಹಳ್ಳಿಗಳಿಗೆ ಹೆಳವರು ಬರುತ್ತಿದ್ದ ಕಾಲವೊಂದಿತ್ತು; ಕೆಲವು ಸೀಮೆಗಳಿಗೆ ಇಂದಿಗೂ ಬರುತ್ತಾರೆ. ಕೊರಳಗಂಟೆಯ ಎತ್ತಿನ ಮೇಲೆ ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಕುಳಿತು, ಒಕ್ಕಲಿನ ಮನೆಯ ಮುಂದೆ ನಿಂತು, ಕೆಳಕ್ಕೆ ಇಳಿಯದೆಯೇ, ಆ ಮನೆಯ ಯಜಮಾನನ ತಂದೆ ಯಾರು, ತಾತ ಯಾರು, ಮುತ್ತಾತನ ಅಣ್ಣತಮ್ಮಂದಿರು ಎಷ್ಟು ಮಂದಿ, ಅವರಲ್ಲಿ ಯಾರು ಯಾವ ಊರನ್ನು ತೊರೆದು ಯಾವ ಊರಿನಲ್ಲಿ ಬೇರೂರಿದರು ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಎಂಬಂತೆ ರಾಗವಾಗಿ ಹೇಳಿ, ಕೊನೆಗೆ ತನ್ನ ಹಳೆಯ ಪುಸ್ತಕವನ್ನು ಹೊರತೆಗೆದು, ಹಿಂದಿನ ಸಲ ಬಂದು ಹೋದ ತರುವಾಯ ಆ ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಅದರಲ್ಲಿ ಬರೆದುಕೊಂಡು, ಕಾಳನ್ನೋ ಕಂಬಳಿಯನ್ನೋ, ಮನೆ ಅನುಕೂಲವಾಗಿದ್ದರೆ ಒಂದು ಕರುವನ್ನೋ ಪಡೆದು ಹೆಳವನು ಮುಂದಿನ ಮನೆಗೆ ಸಾಗುತ್ತಿದ್ದನು. ನಾನು ಹುಡುಗನಾಗಿದ್ದಾಗ, ಅವನು ಬಂದ ದಿನ ಯಾರಾದರೂ ಹೆಸರು ಬರೆಸಲು ಮರೆತರೆ ಏನಾಗುತ್ತದೆಂದು ನಮ್ಮಜ್ಜಿಯನ್ನು ಕೇಳಿದ್ದೆನು. “ಏನೂ ಆಗೋದಿಲ್ಲ. ಮುಂದಿನ ಸಲ ಬಂದಾಗ ಅವನ ಬಾಯಲ್ಲಿ ನೀನು ಇರೋದಿಲ್ಲ, ಅಷ್ಟೆ” ಎಂದಿದ್ದಳು.

ಅಜ್ಜಿಯ ಈ ಮಾತನ್ನೇ ಯೂರೋಪಿನ ಪಶ್ಚಿಮದ ಅಂಚಿನ ದ್ವೀಪರಾಜ್ಯವೊಂದು ತನ್ನ ಪೌರತ್ವದ ಶಾಸನದಲ್ಲಿ ವಿಧಿಪೂರ್ವಕವಾಗಿ ಬರೆದಿಟ್ಟಿದೆಯೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಐರ್ಲೆಂಡಿನ ವಿದೇಶಾಂಗ ಇಲಾಖೆಯಲ್ಲಿ ‘ಫಾರಿನ್ ಬರ್ತ್ಸ್ ರಿಜಿಸ್ಟರ್’ ಎಂಬ ಹೆಸರಿನ ಒಂದು ದಾಖಲೆಯುಂಟು. ವಿದೇಶ ಜನನಗಳ ವಹಿ ಎಂದು ನಾವು ಅದನ್ನು ಕರೆಯಬಹುದು. ಐರ್ಲೆಂಡಿನಲ್ಲಿ ಹುಟ್ಟಿದ ಪ್ರಜೆಯೊಬ್ಬನು ಅಥವಾ ಒಬ್ಬಳು ಹೊರದೇಶಕ್ಕೆ ಹೋಗಿ ಅಲ್ಲಿ ಮಗುವನ್ನು ಪಡೆದರೆ, ಆ ಮಗು ಯಾವ ಅರ್ಜಿಯ ಹಂಗೂ ಇಲ್ಲದೆ, ಹುಟ್ಟಿದ ಗಳಿಗೆಯಿಂದಲೇ ಐರಿಷ್ ಪ್ರಜೆ. ಲಿವರ್‌ಪೂಲಿನಲ್ಲಿಯೋ ಬಾಸ್ಟನ್ನಿನಲ್ಲಿಯೋ ಹುಟ್ಟಿ, ಬೆಳೆದು, ದುಡಿದು, ತಾನು ಐರಿಷ್ ಪ್ರಜೆಯೆಂಬುದು ಗೊತ್ತಿಲ್ಲದೆಯೇ ತೀರಿಕೊಂಡವನು ಕೂಡ ಕಾನೂನಿನ ಕಣ್ಣಿಗೆ ಪ್ರಜೆಯಾಗಿಯೇ ಬಾಳಿ ಪ್ರಜೆಯಾಗಿಯೇ ಸತ್ತವನು. ಆದರೆ ಹಾಗೆ ಹೊರದೇಶದಲ್ಲಿ ಹುಟ್ಟಿದವನು ತಾನೂ ಹೊರದೇಶದಲ್ಲಿಯೇ ಮಗುವನ್ನು ಪಡೆದರೆ, ಅಂದರೆ ಅಜ್ಜ ಅಜ್ಜಿಯರಲ್ಲಿ ಒಬ್ಬರು ಮಾತ್ರ ಆ ನೆಲದಲ್ಲಿ ಹುಟ್ಟಿದ್ದು ತಂದೆತಾಯಿಗಳು ಹೊರಗೆ ಹುಟ್ಟಿದವರಾಗಿದ್ದರೆ, ಆಗ ರಕ್ತವೊಂದೇ ಸಾಲದು. ವಹಿಯಲ್ಲಿ ಹೆಸರು ಹತ್ತಬೇಕು. ತಂದೆಯೋ ತಾಯಿಯೋ ಸರಕಾರದ ಸೇವೆಯ ಮೇಲೆ ಪರದೇಶದಲ್ಲಿದ್ದಾಗ ಹುಟ್ಟಿದ ಮಗುವಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

ಪೌರತ್ವವನ್ನು ನೆಲದಿಂದ ಅಳೆಯುವ ರಾಜ್ಯಗಳಿವೆ, ನೆತ್ತರಿನಿಂದ ಅಳೆಯುವ ರಾಜ್ಯಗಳಿವೆ, ಎರಡನ್ನೂ ಬೇಕಾದಷ್ಟು ಪ್ರಮಾಣದಲ್ಲಿ ಬೆರೆಸಿಕೊಂಡ ರಾಜ್ಯಗಳೇ ಹೆಚ್ಚು. ಐರ್ಲೆಂಡು ನೆತ್ತರಿನ ಕಡೆಗೆ ಇಷ್ಟೊಂದು ಒಲಿದದ್ದಕ್ಕೆ ಕಾರಣವನ್ನು ಅದರ ಇತಿಹಾಸದಲ್ಲಿ ಬಹಳ ಆಳಕ್ಕೆ ಅಗೆಯಬೇಕಾಗಿಲ್ಲ. 1841ರ ಜನಗಣತಿಯಲ್ಲಿ ಆ ದ್ವೀಪದ ಜನಸಂಖ್ಯೆ ಸುಮಾರು 82 ಲಕ್ಷ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿ, ಬಡವರ ಏಕಮಾತ್ರ ಆಹಾರವೇ ಹೊಲದಲ್ಲಿ ಕೊಳೆತುಹೋಗಿ, ಮುಂದಿನ ಕೆಲವೇ ವರ್ಷಗಳಲ್ಲಿ ಹತ್ತು ಲಕ್ಷದಷ್ಟು ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅಷ್ಟೇ ಮಂದಿ ಹಡಗು ಹತ್ತಿದರು. ಕ್ಷಾಮ ನಿಂತರೂ ಹಡಗು ನಿಲ್ಲಲಿಲ್ಲ. ಮನೆಯಲ್ಲಿ ಒಬ್ಬನಿಗೆ ಹೊಲ, ಮಿಕ್ಕವರಿಗೆ ಸಮುದ್ರ ಎಂಬುದು ಅಲ್ಲಿನ ಕುಟುಂಬಗಳ ಅಲಿಖಿತ ಪಾಲುಪಟ್ಟಿಯಾಯಿತು. ಒಳಗಿರುವವರಿಗಿಂತ ಹೊರಗಿರುವವರೇ ಹೆಚ್ಚಾದ ಇಂತಹ ಜನಾಂಗವು ಸ್ವತಂತ್ರವಾದಾಗ ‘ನಮ್ಮವರು ಯಾರು?’ ಎಂಬ ಪ್ರಶ್ನೆಗೆ ದ್ವೀಪದ ದಡವನ್ನೇ ಎಲ್ಲೆಯಾಗಿ ಹೇಳಲು ಮನಸ್ಸು ಒಪ್ಪದಿದ್ದುದು ಸಹಜ. 1998ರಲ್ಲಿ ಜನಮತದಿಂದ ತಿದ್ದಲ್ಪಟ್ಟ ಅಲ್ಲಿನ ಸಂವಿಧಾನದ 2ನೆಯ ವಿಧಿಯು, ಹೊರನಾಡಿನಲ್ಲಿ ನೆಲೆಸಿರುವ ಐರಿಷ್ ವಂಶದವರೊಡನೆ ತನ್ನ ಜನಾಂಗಕ್ಕಿರುವ ವಿಶೇಷವಾದ ನಂಟನ್ನು ಸ್ಪಷ್ಟವಾಗಿಯೇ ಆದರಿಸುತ್ತದೆ.

ನಂಟು ಸರಿ, ಆದರೆ ಅದು ಎಷ್ಟು ದೂರ? ಈ ಪ್ರಶ್ನೆಗೆ ಐರಿಷ್ ಶಾಸನವು ತಲೆಮಾರುಗಳ ಸಂಖ್ಯೆಯನ್ನು ಉತ್ತರವಾಗಿ ಕೊಡುವುದಿಲ್ಲ. ಅದು ಕೊಡುವ ಉತ್ತರ ಕಾಲಕ್ಕೆ ಸಂಬಂಧಪಟ್ಟದ್ದು. ಅದರ ಸೂಕ್ಷ್ಮವನ್ನು ಒಂದು ದೃಷ್ಟಾಂತದಿಂದಲ್ಲದೆ ಬರಿಯ ಮಾತಿನಲ್ಲಿ ತಿಳಿಸುವುದು ಕಷ್ಟ. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಹುಟ್ಟಿದ ಒಬ್ಬ ಹೆಂಗಸು ಇಂಗ್ಲೆಂಡಿಗೆ ಬಂದು, ಲಿವರ್‌ಪೂಲಿನಲ್ಲಿ ಮದುವೆಯಾಗಿ, 1958ರಲ್ಲಿ ಮಗನೊಬ್ಬನನ್ನು ಹೆತ್ತಳೆಂದು ಇಟ್ಟುಕೊಳ್ಳೋಣ. ಆ ಮಗನು ಹುಟ್ಟಿನಿಂದಲೇ ಪ್ರಜೆ. ಅವನಿಗೆ ಅದೇ ಊರಿನಲ್ಲಿ 1983ರಲ್ಲಿಯೂ 1985ರಲ್ಲಿಯೂ ಇಬ್ಬರು ಹೆಣ್ಣುಮಕ್ಕಳು. ಇಬ್ಬರಿಗೂ ಅಜ್ಜಿಯ ಹಕ್ಕು ಸಮಾನವಾಗಿ ಉಂಟು, ಬೇಕೆಂದಾಗ ವಹಿಯಲ್ಲಿ ಹೆಸರು ಬರೆಸಿಕೊಳ್ಳಬಹುದು. ಅಕ್ಕನು ಯಾವುದೋ ಉತ್ಸಾಹದಲ್ಲಿ 2009ರಲ್ಲಿ ಬರೆಸಿಕೊಂಡಳು. 2011ರಲ್ಲಿ ಅವಳಿಗೆ ಗಂಡುಮಗು. ತಂಗಿಗೆ 2010ರಲ್ಲಿಯೇ ಗಂಡುಮಗುವಾಗಿತ್ತು. ವಹಿಯ ವಿಚಾರ ಅವಳಿಗೆ ನೆನಪಾದದ್ದು 2016ರ ಜೂನಿನಲ್ಲಿ ಬ್ರಿಟನ್ನು ಯೂರೋಪಿನ ಒಕ್ಕೂಟವನ್ನು ಬಿಡುವುದಾಗಿ ಮತ ಹಾಕಿದ ಮೇಲೆ, ಸಾವಿರಾರು ಮಂದಿ ಬ್ರಿಟಿಷರು ತಮ್ಮ ಅಜ್ಜಿಯರ ಹುಟ್ಟೂರನ್ನು ಥಟ್ಟನೆ ನೆನೆಸಿಕೊಂಡ ಕಾಲದಲ್ಲಿ. ಅವಳು 2017ರಲ್ಲಿ ಬರೆಸಿಕೊಂಡಳು. ಈಗ ಅಕ್ಕತಂಗಿಯರಿಬ್ಬರೂ ಪ್ರಜೆಗಳು. ಆದರೆ ಅಕ್ಕನ ಮಗನು ಹುಟ್ಟಿದಾಗ ಅವನ ತಾಯಿ ಪ್ರಜೆಯಾಗಿದ್ದಳು, ಆದುದರಿಂದ ಅವನೂ ವಹಿಗೆ ಅರ್ಹ. ತಂಗಿಯ ಮಗನು ಹುಟ್ಟಿದಾಗ ಅವನ ತಾಯಿ ಇನ್ನೂ ಪ್ರಜೆಯಾಗಿರಲಿಲ್ಲ, ಆದುದರಿಂದ ಅವನು ಅನರ್ಹ. ಒಂದೇ ಮುತ್ತಜ್ಜಿ, ಒಂದೇ ಊರು, ಒಂದೇ ರಕ್ತ. ದೊಡ್ಡಮ್ಮನ ಮಗ ಒಳಗೆ, ಚಿಕ್ಕಮ್ಮನ ಮಗ ಹೊರಗೆ.

ಮೊದಲು ಹೀಗಿರಲಿಲ್ಲ. 1956ರ ಐರಿಷ್ ಪೌರತ್ವ ಶಾಸನದ ಪ್ರಕಾರ, ವಹಿಯಲ್ಲಿ ಹೆಸರು ಎಂದು ಬರೆಯಲ್ಪಟ್ಟರೂ ಅದರ ಫಲವು ಹಿಂದಕ್ಕೆ ಹರಿದು ಹುಟ್ಟಿದ ದಿನವನ್ನು ಮುಟ್ಟುತ್ತಿತ್ತು; ತಾಯಿ ಮುದುಕಿಯಾದ ಮೇಲೆ ಬರೆಸಿಕೊಂಡರೂ ಬೆಳೆದ ಮಕ್ಕಳಿಗೆ ಅದರ ಲಾಭ ಸಿಗುತ್ತಿತ್ತು. ಹೀಗೆ ಬಿಟ್ಟರೆ ಕೊನೆಯೇ ಇಲ್ಲದೆ, ಸಮುದ್ರದಾಚೆಯ ಹತ್ತನೆಯ ತಲೆಮಾರಿಗೂ ಬಾಗಿಲು ತೆರೆದಂತೆಯೇ ಎಂದು ಕಂಡ ಶಾಸಕರು 1986ರಲ್ಲಿ ಕಾನೂನನ್ನು ತಿದ್ದಿ, ವಹಿಯಲ್ಲಿ ಬರೆದ ದಿನದಿಂದ ಮಾತ್ರ ಪೌರತ್ವ ಎಂದು ಗೆರೆ ಎಳೆದರು. ಗೆರೆ ಚಿಕ್ಕದು, ಅದರ ಪರಿಣಾಮ ದೊಡ್ಡದು. ವಂಶದ ಸೂತ್ರವು ತಾನಾಗಿ ಹರಿಯುವುದು ಅಂದಿಗೆ ನಿಂತು, ಪ್ರತಿಯೊಂದು ತಲೆಮಾರೂ ಮುಂದಿನದು ಹುಟ್ಟುವುದಕ್ಕೆ ಮೊದಲೇ ಅದನ್ನು ಕೈಯಾರೆ ಗಂಟುಹಾಕಬೇಕಾಯಿತು. ಒಂದು ತಲೆಮಾರು ಮರೆತರೆ ಸೂತ್ರ ಕಡಿಯಿತು. ಮರೆಯದಿದ್ದರೆ ಅದು ಎಷ್ಟು ದೂರವಾದರೂ ಹೋಗಬಹುದು. ಕಡಿದುಹೋದವರಿಗೆ ಉಳಿದಿರುವುದು ಐರಿಷ್ ಸಂಬಂಧವುಳ್ಳವರಿಗೆ ಷರತ್ತುಗಳನ್ನು ಸಡಿಲಿಸಲು ಮಂತ್ರಿಗೆ ಕೊಟ್ಟಿರುವ ವಿವೇಚನಾಧಿಕಾರ ಮಾತ್ರ. ಅದು ಬೇಡಿ ಪಡೆಯಬೇಕಾದ ಅನುಗ್ರಹವೇ ಹೊರತು ಕೇಳಿ ಪಡೆಯುವ ಹಕ್ಕಲ್ಲ.

ಈ ವ್ಯವಸ್ಥೆಯಲ್ಲಿ ನನಗೆ ಒಂದು ಬಗೆಯ ಪ್ರಾಮಾಣಿಕತೆ ಕಾಣುತ್ತದೆಂದು ಒಪ್ಪಿಕೊಳ್ಳಬೇಕು. ರಕ್ತವು ತನ್ನಷ್ಟಕ್ಕೆ ತಾನು ದೇಶಾಭಿಮಾನವನ್ನು ಹೊತ್ತು ಹರಿಯುತ್ತದೆಂಬ ಭ್ರಾಂತಿಗೆ ಅದು ಒಳಗಾಗಿಲ್ಲ. ತಲೆಮಾರಿಗೊಮ್ಮೆ ನೆನಪಿನ ಒಂದು ಕಾರ್ಯವನ್ನು ಮಾಡು ಎಂದಷ್ಟೇ ಕೇಳುತ್ತದೆ. ಅದರ ದೋಷವೂ ಅಲ್ಲಿಯೇ ಇದೆ. ನೆನಪಿಡುವುದು ಬಿಡುವುಳ್ಳವರ, ಓದುಬರೆಹವುಳ್ಳವರ, ವಕೀಲನ ನೆರವುಳ್ಳವರ ಸೊತ್ತಾಗಿರುವ ಪ್ರಪಂಚದಲ್ಲಿ, ಮರೆವಿಗೆ ವಿಧಿಸಿದ ದಂಡವನ್ನು ತೆರುವವರು ಬಹುಮಟ್ಟಿಗೆ ಬಡವರೇ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆ. ಹೆಳವನ ಪುಸ್ತಕದಲ್ಲಿ ನಡೆದು ಬರುತ್ತಿದ್ದುದು ಹೆಚ್ಚಾಗಿ ಗಂಡಿನ ಸಂತಾನ. ಹೆಣ್ಣು ಮತ್ತೊಂದು ಮನೆಗೆ ಹೋದವಳು. ಐರ್ಲೆಂಡಿನ ಕಥೆ ಈ ವಿಷಯದಲ್ಲಿ ವಿಚಿತ್ರವಾದುದು. 1922ರ ಡಿಸೆಂಬರ್ 6ರಂದು ಐರಿಷ್ ಸ್ವತಂತ್ರ ರಾಜ್ಯವು ಅಸ್ತಿತ್ವಕ್ಕೆ ಬಂದಾಗ ಅದರ ಸಂವಿಧಾನದ 3ನೆಯ ವಿಧಿಯು, ಆ ದಿನ ಆ ನಾಡಿನಲ್ಲಿ ನೆಲೆಸಿದ್ದವರಲ್ಲಿ, ತಾನು ಐರ್ಲೆಂಡಿನಲ್ಲಿ ಹುಟ್ಟಿದವನಾಗಲಿ, ಅಥವಾ ತಂದೆತಾಯಿಗಳಲ್ಲಿ ಯಾರೊಬ್ಬರಾದರೂ ಅಲ್ಲಿ ಹುಟ್ಟಿದ್ದವನಾಗಲಿ, ಪ್ರಜೆಯೆಂದು ಸಾರಿತು. ತಂದೆಯೆಂದೂ ತಾಯಿಯೆಂದೂ ಭೇದವಿಲ್ಲ. ಹದಿಮೂರು ವರ್ಷ ಕಳೆದು 1935ರಲ್ಲಿ ಪೌರತ್ವಕ್ಕೆ ಪ್ರತ್ಯೇಕ ಶಾಸನ ಮಾಡಿದಾಗ, ವಿದೇಶ ಜನನಗಳ ವಹಿಯನ್ನು ಮೊದಲ ಬಾರಿಗೆ ತೆರೆದ ಆ ಶಾಸನವೇ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಪೌರತ್ವವು ತಂದೆಯಿಂದ ಮಾತ್ರ ಇಳಿದು ಬರತಕ್ಕದ್ದೆಂದು ವಿಧಿಸಿತು; ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ಮಾತ್ರ ತಾಯಿಯ ಆಸರೆ. ಆಗ ಸರಕಾರದ ಮುಖ್ಯಸ್ಥರಾಗಿದ್ದವರು ಈಮನ್ ಡಿ ವೆಲೆರಾ. ನಮ್ಮ ಹಿರಿಯರು ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಭಕ್ತಿಯಿಂದ ಉಚ್ಚರಿಸುತ್ತಿದ್ದ ಈ ಹೆಸರಿನ ಮಹನೀಯರು ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ತಂದೆ ಸ್ಪ್ಯಾನಿಷ್ ಮೂಲದವರು. ಲಿಮರಿಕ್ ಸೀಮೆಯ ಬ್ರೂರೀ ಎಂಬ ಹಳ್ಳಿಗೆ ಎರಡರ ಹರೆಯದ ಮಗುವಾಗಿ ಅವರು ಬಂದು ಸೇರಿದ್ದು ತಾಯಿಯ ತವರಿಗೆ. ಐರ್ಲೆಂಡಿನೊಡನೆ ಡಿ ವೆಲೆರಾರವರಿಗಿದ್ದ ವಂಶಸಂಬಂಧವೆಲ್ಲವೂ ತಾಯಿ ಕ್ಯಾಥರೀನ್ ಕೋಲ್ ಅವರ ಮೂಲಕ ಬಂದುದೇ. ತಾಯಿಯಿಂದಲೇ ಐರಿಷ್ ಆದ ಪರದೇಶಿ ಶಿಶುವೊಂದು ಬೆಳೆದು ದೊಡ್ಡದಾಗಿ, ತನ್ನಂತಹ ಶಿಶುಗಳಿಗೆ ತಾಯಿಯ ಬಾಗಿಲನ್ನು ಮುಚ್ಚಿದ ಸರಕಾರದ ಮುಂದಾಳಾಯಿತು! ಆ ಬಾಗಿಲು ಮತ್ತೆ ತೆರೆದದ್ದು 1956ರ ಶಾಸನದಲ್ಲಿ.

ಹಕ್ಕು ಉಂಟೆಂದು ತಿಳಿದವನು ಅದನ್ನು ಸಾಧಿಸುವುದು ಹೇಗೆ? ಕಾಗದದಿಂದ, ಕಾಗದದ ಮೇಲೆ ಕಾಗದದಿಂದ. ಅಜ್ಜಿಯ ಜನನಪತ್ರ, ಅವಳ ವಿವಾಹಪತ್ರ, ಅವಳು ಕಾಲವಾಗಿದ್ದರೆ ಮರಣಪತ್ರ. ತಂದೆಯ ಅಥವಾ ತಾಯಿಯ ಜನನಪತ್ರ ಮತ್ತು ವಿವಾಹಪತ್ರ. ತನ್ನದೇ ಜನನಪತ್ರ, ಗುರುತಿನ ಚೀಟಿ, ಸಾಕ್ಷಿಯೊಬ್ಬರು ರುಜು ಹಾಕಿದ ಭಾವಚಿತ್ರಗಳು. ವಯಸ್ಕರಿಗೆ 278 ಯೂರೋ ಶುಲ್ಕ. ಪತ್ರದಿಂದ ಪತ್ರಕ್ಕೆ ಹೆಸರು ಹೊಂದಬೇಕು, ಒಂದು ಕೊಂಡಿಯೂ ತಪ್ಪಿರಕೂಡದು. ಇದೇನು ಮಹಾ ಎನ್ನುವವರು ಬ್ರಿಜೆಟ್ ಎಂಬ ಐರಿಷ್ ಅಜ್ಜಿಯನ್ನು ಹುಡುಕಿ ನೋಡಬೇಕು. ದೀಕ್ಷಾಸ್ನಾನದ ಪುಸ್ತಕದಲ್ಲಿ ಬ್ರಿಜೆಟ್ ಆಗಿದ್ದವಳು ಮನೆಯಲ್ಲಿ ಬ್ರೀಡ್, ನೆರೆಹೊರೆಯಲ್ಲಿ ಡೀಲಿಯಾ, ಇಂಗ್ಲೆಂಡಿನಲ್ಲಿ ಮದುವೆಯಾದಾಗ ಇನ್ನೇನೋ ಆಗಿರುವುದು ಅಲ್ಲಿ ತೀರ ಸಾಮಾನ್ಯ. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಮದುವೆಯಾದ ಮೇಲೆ ಗಂಡನ ಹೆಸರು, ಇವುಗಳನ್ನು ಪಾಸ್‌ಪೋರ್ಟಿನ ಚೌಕಗಳಲ್ಲಿ ತುಂಬಲು ಹೋಗಿ ಬೆವತ ಕನ್ನಡಿಗನಿಗೆ ಈ ಡೀಲಿಯಾಳ ಮೊಮ್ಮಕ್ಕಳ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾಗದವೇ ಇಲ್ಲದ ಪಕ್ಷದಲ್ಲಿ? ಐರ್ಲೆಂಡಿನಲ್ಲಿ ಎಲ್ಲ ಮತದವರ ಜನನ, ಮರಣ, ವಿವಾಹಗಳನ್ನೂ ಸರಕಾರವು ನೋಂದಾಯಿಸತೊಡಗಿದ್ದು 1864ರಿಂದ. ಅದಕ್ಕೂ ಹಿಂದಿನ ಜನಗಣತಿಯ ಹಾಳೆಗಳಲ್ಲಿ ಬಹುಪಾಲು, ಡಬ್ಲಿನ್ನಿನ ಫೋರ್ ಕೋರ್ಟ್ಸ್ ನ್ಯಾಯಾಲಯದ ಪ್ರಾಂಗಣದಲ್ಲಿದ್ದ ದಾಖಲೆಗಳ ಭಂಡಾರದೊಡನೆ, ಅಂತರ್ಯುದ್ಧದ ಮೊದಲ ದಿನಗಳಲ್ಲಿ, 1922ರ ಜೂನ್ 30ರಂದು ಸುಟ್ಟು ಬೂದಿಯಾದವು. ಶತಮಾನಗಳ ಕಾಗದವು ಸ್ಫೋಟದ ರಭಸಕ್ಕೆ ಆಕಾಶಕ್ಕೆ ಹಾರಿ ಚೂರುಚೂರಾಗಿ ನಗರದ ಮೇಲೆ ಉದುರಿತು. ಅದೃಷ್ಟವಶಾತ್ ಜನನದ ನೋಂದಣಿ ಪುಸ್ತಕಗಳು ಬೇರೆ ಕಡೆ ಇದ್ದು ಉಳಿದುವು. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳು ಆಯಾ ಊರಿನ ಪಾದ್ರಿಗಳ ಬಳಿ ಇದ್ದು ಉಳಿದುವು. ಇಂದು ಅಜ್ಜಿಯನ್ನು ಹುಡುಕುವ ಮೊಮ್ಮಕ್ಕಳು ಬದುಕಿಕೊಂಡಿರುವುದು ಈ ಉಳಿದ ಪುಸ್ತಕಗಳಿಂದಲೇ.

ಕಾಗದವಿಲ್ಲದ ಜನರು ನೆನಪನ್ನು ಕಾಗದವನ್ನಾಗಿ ಮಾಡಿಕೊಂಡ ಒಂದು ಪ್ರಸಂಗವೂ ಆ ನಾಡಿನ ಚರಿತ್ರೆಯಲ್ಲಿದೆ. 1909ರ ಜನವರಿಯಿಂದ ಎಪ್ಪತ್ತು ವರ್ಷ ತುಂಬಿದ ಬಡ ವೃದ್ಧರಿಗೆ ಬ್ರಿಟಿಷ್ ಸರಕಾರವು ವೃದ್ಧಾಪ್ಯವೇತನವನ್ನು ಕೊಡತೊಡಗಿದಾಗ, ನೋಂದಣಿಗೆ ಮುಂಚೆಯೇ ಹುಟ್ಟಿದ್ದ ಐರಿಷ್ ಮುದುಕ ಮುದುಕಿಯರ ಬಳಿ ಹುಟ್ಟಿದ ದಿನಕ್ಕೆ ಯಾವ ದಾಖಲೆಯೂ ಇರಲಿಲ್ಲ. ಆದರೆ 1839ರ ಜನವರಿ 6ರ ರಾತ್ರಿ ಆ ದ್ವೀಪದ ಮೇಲೆ ಬೀಸಿ ಅಸಂಖ್ಯ ಮನೆಗಳ ಮಾಡನ್ನು ಹಾರಿಸಿಕೊಂಡು ಹೋದ ಬಿರುಗಾಳಿಯನ್ನು ಯಾರೂ ಮರೆತಿರಲಿಲ್ಲ. ‘ದೊಡ್ಡ ಗಾಳಿಯ ರಾತ್ರಿ’ ನನಗೆ ನೆನಪಿದೆ ಎಂದು ಹೇಳಬಲ್ಲವನಿಗೆ ಎಪ್ಪತ್ತು ತುಂಬಿರಲೇಬೇಕಲ್ಲವೆ? ಆ ರಾತ್ರಿಯನ್ನು ಕಣ್ಣಾರೆ ಕಂಡವರ ಸಂಖ್ಯೆ ಆ ವರ್ಷ ಹಠಾತ್ತಾಗಿ ಏರಿತೆಂಬುದು ಅಲ್ಲಿ ಇಂದಿಗೂ ನಗುತ್ತ ಹೇಳುವ ಮಾತು. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಹುಟ್ಟಿದವನು, ಪ್ಲೇಗು ಬಂದು ಊರು ಬಿಟ್ಟಾಗ ತೊಟ್ಟಿಲಲ್ಲಿದ್ದವಳು ಎಂದು ನಮ್ಮ ಮುದುಕರ ವಯಸ್ಸನ್ನು ಎಣಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ತಮಗೆ ತೋಚಿದ ಜೂನ್ ತಿಂಗಳ ದಿನಾಂಕವನ್ನು ಬರೆದು, ಮುಂದೆ ಅದೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಶಾಶ್ವತವಾಗಿ, ಆ ಹುಟ್ಟುಹಬ್ಬದ ದಿನವೇ ನಿವೃತ್ತರಾದವರು ನನ್ನ ಸ್ನೇಹಿತರಲ್ಲಿಯೇ ಹಲವರಿದ್ದಾರೆ.

ರಕ್ತವೆಂಬ ಮಾತು ಕಾನೂನಿನಲ್ಲಿ ಎಷ್ಟರಮಟ್ಟಿಗೆ ರಕ್ತ ಎಂಬುದಕ್ಕೂ ಐರ್ಲೆಂಡೇ ಒಂದು ನಿದರ್ಶನವನ್ನು ಒದಗಿಸಿದೆ, ಅದೂ ಕಾಲ್ಚೆಂಡಿನ ಮೈದಾನದಲ್ಲಿ. 1986ರಿಂದ ಜಾಕ್ ಚಾರ್ಲ್‌ಟನ್ ಎಂಬ ಇಂಗ್ಲಿಷರು ಆ ದೇಶದ ತಂಡಕ್ಕೆ ಶಿಕ್ಷಕರಾಗಿದ್ದಾಗ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಆಟಗಾರರ ಅಜ್ಜ ಅಜ್ಜಿಯರನ್ನು ಶೋಧಿಸಿ ಶೋಧಿಸಿ ತಂಡವನ್ನು ಕಟ್ಟಿದರು. ಆ ತಂಡವು 1990ರ ವಿಶ್ವಕಪ್ಪಿನಲ್ಲಿ ಎಂಟರ ಘಟ್ಟವನ್ನು ತಲಪಿತು. ಹಾಗೆ ಬಂದವರಲ್ಲಿ ಟೋನಿ ಕ್ಯಾಸ್ಕರಿನೋ ಒಬ್ಬರು. ತಾಯಿಯ ತಂದೆ ಐರಿಷ್ ಎಂಬ ಆಧಾರದ ಮೇಲೆ ಐರ್ಲೆಂಡಿನ ಪರವಾಗಿ 88 ಪಂದ್ಯಗಳನ್ನು ಆಡಿದವರು. ತಮ್ಮ ತಾಯಿ ಆ ಐರಿಷ್ ಅಜ್ಜನ ದತ್ತುಮಗಳೆಂಬುದು ತಡವಾಗಿ ತಿಳಿದು, ತಾವು ಇಷ್ಟು ವರ್ಷ ಸುಳ್ಳು ಐರಿಷ್ ಆಗಿದ್ದೆವೆಂದು 2000ದಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ತಲ್ಲಣದಿಂದ ಒಪ್ಪಿಕೊಂಡರು. ಅಷ್ಟು ತಲ್ಲಣಿಸಬೇಕಾಗಿರಲಿಲ್ಲ. ವಿಧಿಪೂರ್ವಕವಾಗಿ ದತ್ತಕವಾದ ಮಗು ಆ ಕಾನೂನಿಗೆ ಮಗುವೇ. ದತ್ತುಹೋಮ ಮಾಡಿ ಗೋತ್ರವನ್ನೇ ಬದಲಿಸಬಲ್ಲ ನಮಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದು ಏನೂ ಇಲ್ಲ.

ವಹಿಯೊಂದೇ ಅಳತೆಗೋಲೆಂದು ತಿಳಿಯಬಾರದು. ಇಟಲಿಯು ಬಹುಕಾಲ ರಕ್ತವನ್ನೇ ನೆಚ್ಚಿಕೊಂಡು, ತಲೆಮಾರುಗಳ ಮಿತಿಯೇ ಇಲ್ಲದೆ, ಅರ್ಜೆಂಟೀನಾ ಬ್ರೆಜಿಲ್‌ಗಳ ಮರಿಮಕ್ಕಳ ಮರಿಮಕ್ಕಳಿಗೂ ಪೌರತ್ವವನ್ನು ಗುರುತಿಸುತ್ತ ಬಂದು, ದೂತಾವಾಸಗಳೂ ನ್ಯಾಯಾಲಯಗಳೂ ಅರ್ಜಿಗಳ ಭಾರಕ್ಕೆ ಕುಸಿಯುವ ಹಂತಕ್ಕೆ ಬಂದಾಗ 2025ರಲ್ಲಿ ಸಾಮಾನ್ಯವಾಗಿ ಎರಡು ತಲೆಮಾರಿಗೆ ಬಾಗಿಲು ಹಾಕಿತು. ಕೆನಡ ಹಿಡಿದ ಹಾದಿ ಮತ್ತೊಂದು. 2009ರಲ್ಲಿ ಅದು, ಹೊರದೇಶದಲ್ಲಿ ಹುಟ್ಟಿದ ಒಂದು ತಲೆಮಾರಿಗೆ ಮಾತ್ರ ವಂಶದ ಹಕ್ಕು, ಅಲ್ಲಿಂದ ಮುಂದೆ ಇಲ್ಲ ಎಂದು ಕತ್ತರಿಸಿತು. ಟೊರಾಂಟೋದಲ್ಲಿ ನೆಲೆಸಿ ಅಲ್ಲಿನ ಪ್ರಜೆಗಳಾದ ದಂಪತಿಗಳು ತವರಿನ ಬಾಣಂತನಕ್ಕೆಂದು ಬೆಂಗಳೂರಿಗೆ ಬಂದು ಹೆತ್ತ ಮಗಳು ಹೀಗೆ ‘ಮೊದಲ ತಲೆಮಾರು’ ಆಗಿಬಿಟ್ಟು, ಬೆಳೆದದ್ದೆಲ್ಲ ಟೊರಾಂಟೋದಲ್ಲಿಯೇ ಆದರೂ, ಅವಳು ಮುಂದೆ ಹೊರದೇಶದಲ್ಲಿ ಹೆತ್ತ ಮಗು ಕೆನಡದ ಪ್ರಜೆಯಾಗುತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ ಒಂಟೇರಿಯೋದ ನ್ಯಾಯಾಲಯವು ಈ ಕತ್ತರಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. 2025ರ ಕೊನೆಗೆ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಇನ್ನು ಮೇಲೆ ಹುಟ್ಟುವ ಮಕ್ಕಳ ವಿಷಯದಲ್ಲಿ, ಹೊರದೇಶದಲ್ಲಿ ಹುಟ್ಟಿದ ತಂದೆಯೋ ತಾಯಿಯೋ ಮಗು ಹುಟ್ಟುವ ಮೊದಲು ಕೆನಡದಲ್ಲಿ ಒಟ್ಟು 1,095 ದಿನ ಇದ್ದಿರಬೇಕು ಎಂಬ ಷರತ್ತು ಬಂದಿತು. ಅಲ್ಲಿ ಎಣಿಸುವುದು ತಲೆಮಾರನ್ನಲ್ಲ, ನೆಲದ ಮೇಲೆ ಕಳೆದ ದಿನಗಳನ್ನು.

ನಮ್ಮ ದೇಶದ ಕಾನೂನು ಈ ಅಳತೆಗೋಲುಗಳಲ್ಲಿ ಯಾವುದನ್ನು ಹಿಡಿದಿದೆ? ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರ ಬೆನಗಲ್ ನರಸಿಂಗ ರಾಯರು ಮಂಗಳೂರಿನಲ್ಲಿ, ಹೆಣ್ಣಿನ ಮೂಲಕ ಆಸ್ತಿಯೂ ವಂಶವೂ ನಡೆಯುವ ಅಳಿಯಸಂತಾನದ ನಾಡಿನಲ್ಲಿ ಹುಟ್ಟಿದವರು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡ, ಇಂಗ್ಲೆಂಡುಗಳೊಡನೆ ಐರ್ಲೆಂಡಿಗೂ ಹೋಗಿ ಡಿ ವೆಲೆರಾರವರನ್ನು ಕಂಡು ಬಂದರು. ನಮ್ಮ ನಿರ್ದೇಶಕ ತತ್ತ್ವಗಳಿಗೆ ಐರಿಷ್ ಸಂವಿಧಾನವು ಮಾದರಿಯಾದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಪೌರತ್ವದ ವಿಷಯದಲ್ಲಿ ಎರಡೂ ದೇಶಗಳು ಎಷ್ಟು ಹತ್ತಿರದ ಹಾದಿಯಲ್ಲಿ ನಡೆದು, ಎಷ್ಟು ಸಮಾನವಾಗಿ ಎಡವಿದುವೆಂಬುದನ್ನು ಗಮನಿಸಿದವರು ವಿರಳ. ನಮ್ಮ ಸಂವಿಧಾನದ 8ನೆಯ ವಿಧಿಯು, ಹೊರದೇಶದಲ್ಲಿ ವಾಸಿಸುತ್ತಿರುವ ಯಾವನೇ ಆಗಲಿ, ತಾನೋ, ತಂದೆತಾಯಿಗಳಲ್ಲಿ ಒಬ್ಬರೋ, ಅಜ್ಜ ಅಜ್ಜಿಯರಲ್ಲಿ ಒಬ್ಬರೋ ಭಾರತದಲ್ಲಿ ಹುಟ್ಟಿದ್ದ ಪಕ್ಷದಲ್ಲಿ, ಅಲ್ಲಿನ ಭಾರತೀಯ ರಾಯಭಾರಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಭಾರತದ ಪ್ರಜೆ ಎಂದು ಹೇಳಿತು. ತಾಯಿಗೂ ಅಜ್ಜಿಗೂ ಅಲ್ಲಿ ಪೂರ್ಣ ಸ್ಥಾನವಿತ್ತು. ಐದು ವರ್ಷ ಕಳೆದು 1955ರಲ್ಲಿ ಪೌರತ್ವದ ಅಧಿನಿಯಮವನ್ನು ರಚಿಸಿದಾಗ, ಸಂವಿಧಾನವು ಜಾರಿಗೆ ಬಂದ ಮೇಲೆ ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಅದರ 4ನೆಯ ಪ್ರಕರಣವು ತಂದೆಯನ್ನು ಮಾತ್ರ ಉಳಿಸಿಕೊಂಡು ತಾಯಿಯನ್ನು ಕೈಬಿಟ್ಟಿತು. ಐರ್ಲೆಂಡಿನ 1922 ಮತ್ತು 1935ರ ಕಥೆಯ ಪುನರಾವರ್ತನೆ! ಐರ್ಲೆಂಡು ತಾಯಿಯನ್ನು ಮತ್ತೆ ಒಳಕ್ಕೆ ಕರೆಯಲು ಇಪ್ಪತ್ತೊಂದು ವರ್ಷ ತೆಗೆದುಕೊಂಡಿತು. ನಾವು ಮೂವತ್ತೇಳು ವರ್ಷ. 1992ರ ಡಿಸೆಂಬರ್ 10ಕ್ಕೆ ಮೊದಲು ಹೊರದೇಶದಲ್ಲಿ, ವಿದೇಶೀಯ ಗಂಡನಿಗೆ, ಭಾರತೀಯ ಹೆಂಗಸು ಹೆತ್ತ ಮಗು ವಂಶದ ಮೂಲಕ ಭಾರತೀಯ ಪ್ರಜೆಯಲ್ಲ; ಆ ದಿನ ಹುಟ್ಟಿದ ಮಗು ಪ್ರಜೆ.

ತಲೆಮಾರಿನ ಪ್ರಶ್ನೆಗೂ ಆ ಪ್ರಕರಣ ವಹಿಯನ್ನೇ ಉತ್ತರವಾಗಿ ಕೊಟ್ಟಿತು. ತಂದೆಯೇ ಹೊರದೇಶದಲ್ಲಿ ಹುಟ್ಟಿ ವಂಶದಿಂದ ಮಾತ್ರ ಪ್ರಜೆಯಾದವನಾಗಿದ್ದರೆ, ಅವನು ಸರಕಾರದ ಸೇವೆಯಲ್ಲಿದ್ದ ಹೊರತು, ಅವನ ಮಗುವಿನ ಜನನವು ಒಂದು ವರ್ಷದೊಳಗಾಗಿ ಭಾರತೀಯ ದೂತಾವಾಸದಲ್ಲಿ ನೋಂದಣಿಯಾಗಬೇಕು. 2004ರ ಡಿಸೆಂಬರ್ 3ರಿಂದ ಈ ನಿಯಮವು ಹೊರದೇಶದಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ, ಮೊದಲನೆಯ ತಲೆಮಾರಿಗೂ ಅನ್ವಯಿಸುತ್ತದೆ. ವರ್ಷ ಕಳೆದರೆ ಕೇಂದ್ರ ಸರಕಾರದ ಅನುಮತಿ ಬೇಕು. ಜೊತೆಗೆ, ಮಗುವಿಗೆ ಬೇರೊಂದು ದೇಶದ ಪಾಸ್‌ಪೋರ್ಟು ಇಲ್ಲವೆಂದು ತಂದೆತಾಯಿಗಳು ಬರೆದುಕೊಡಬೇಕು. ಅಮೆರಿಕದಲ್ಲಿ ಹುಟ್ಟಿದ ಮಗುವಿನ ಮನೆಯವರಿಗೆ ಇದು ಆಯ್ಕೆಯ ಪ್ರಶ್ನೆಯಾದರೆ, ನೆಲದ ಮೇಲೆ ಹುಟ್ಟಿದ ಮಾತ್ರಕ್ಕೆ ಪೌರತ್ವ ಕೊಡದ ಕೊಲ್ಲಿಯ ದೇಶಗಳಲ್ಲಿ, ದುಬೈಯಲ್ಲಿಯೋ ಕುವೈತಿನಲ್ಲಿಯೋ, ಉಡುಪಿಯ ಅಥವಾ ಭಟ್ಕಳದ ದಂಪತಿಗಳಿಗೆ ಹುಟ್ಟಿದ ಮಗುವಿನ ಪಾಲಿಗೆ ಅದು ಯಾವುದಾದರೂ ಒಂದು ದೇಶ ತನ್ನದೆನ್ನುವುದೋ ಇಲ್ಲವೋ ಎಂಬ ಪ್ರಶ್ನೆ. ಅಲ್ಲಿನ ಕನ್ನಡಿಗರ ಮನೆಗಳಲ್ಲಿ ಮಗುವಿನ ನಾಮಕರಣದ ದಿನವನ್ನು ದೂತಾವಾಸದ ಕೆಲಸಕ್ಕೆ ಹೊಂದಿಸಿಕೊಳ್ಳುವುದನ್ನು ಕಂಡು ನಕ್ಕವರೊಬ್ಬರು ನನಗೆ ಗೊತ್ತು, ನಗುವಂಥದ್ದಲ್ಲ ಅದು.

ನಮ್ಮ ಕಾನೂನಿಗೂ ಐರಿಷ್ ಕಾನೂನಿಗೂ ಇರುವ ಮುಖ್ಯವಾದ ಅಂತರ ಇಷ್ಟೆ: ಅವರು ಎರಡು ಪೌರತ್ವಗಳನ್ನು ಸಹಿಸುತ್ತಾರೆ, ನಾವು ಸಹಿಸುವುದಿಲ್ಲ. ಹೊರದೇಶದಲ್ಲಿ ಹುಟ್ಟಿ, ಅಲ್ಲಿನ ಪೌರತ್ವವೂ ಭಾರತದ ಪೌರತ್ವವೂ ಎರಡೂ ಒದಗಿದ ಮಗುವು ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ದೇಶದ ಪೌರತ್ವವನ್ನು ಬಿಡದಿದ್ದರೆ ಭಾರತದ ಪೌರತ್ವವು ತಾನಾಗಿಯೇ ಕಳಚಿಹೋಗುತ್ತದೆ. ಹಾಗೆ ಕಳಚಿದವರಿಗೂ, ಅವರ ಮಕ್ಕಳು ಮೊಮ್ಮಕ್ಕಳಿಗೂ, ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಚೀಟಿಯುಂಟು. ಹೆಸರಿನಲ್ಲಿ ನಾಗರಿಕನಿದ್ದರೂ ಅದರಿಂದ ಮತವಿಲ್ಲ, ಹೊಲ ಕೊಳ್ಳುವ ಹಕ್ಕಿಲ್ಲ. ಒಕ್ಕಲುಮಗನಿಗೆ ಹೊಲವಿಲ್ಲದ ನಾಗರಿಕತೆ ಎಂಥದೋ ನಾನು ತಿಳಿಯೆ.

ನನ್ನ ಸ್ನೇಹಿತರೊಬ್ಬರ ಮಗಳು ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಅವಳಿಗೆ ಅಲ್ಲಿಯೇ ಒಂದು ಹೆಣ್ಣುಮಗು. 2004ರ ಜನಮತದಲ್ಲಿ ಐರಿಷ್ ಮತದಾರರು ನೂರಕ್ಕೆ ಎಪ್ಪತ್ತೊಂಬತ್ತರಂತೆ ಮತವಿತ್ತು, ನೆಲದ ಮೇಲೆ ಹುಟ್ಟಿದ ಮಾತ್ರಕ್ಕೆ ಪೌರತ್ವವೆಂಬ ಹಳೆಯ ನಿಯಮವನ್ನು ತೆಗೆದುಹಾಕಿದ್ದರಿಂದ, ಮಗು ಹುಟ್ಟುವುದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ವರ್ಷ ತಂದೆಯೋ ತಾಯಿಯೋ ಆ ನಾಡಿನಲ್ಲಿ ಕ್ರಮಬದ್ಧವಾಗಿ ವಾಸಿಸಿದ್ದರೆ ಮಾತ್ರ ಪರದೇಶದವರ ಮಗು ಪ್ರಜೆ. ಬಾಸ್ಟನ್ನಿನಲ್ಲಿ ಕುಳಿತು ದ್ವೀಪವನ್ನೇ ಕಾಣದ ಮೊಮ್ಮಗನಿಗೆ ಅಜ್ಜಿಯೊಬ್ಬಳು ಸಾಕು, ಡಬ್ಲಿನ್ನಿನ ರೋಗಿಗಳನ್ನು ರಾತ್ರಿಯೆಲ್ಲ ನೋಡಿಕೊಂಡ ದಾದಿಯ ಮಗುವಿಗೆ ದಿನಗಳ ಲೆಕ್ಕ ಬೇಕು. ಸ್ನೇಹಿತರ ಮಗಳು ಅಲ್ಲಿಗೆ ಹೋಗಿ ಆಗ ಎರಡೇ ವರ್ಷವಾಗಿತ್ತು. ಆದುದರಿಂದ ಮಗುವಿನ ಜನನವನ್ನು ಭಾರತೀಯ ರಾಯಭಾರ ಕಚೇರಿಯಲ್ಲಿ ಹತ್ತನೆಯ ತಿಂಗಳಲ್ಲಿ ನೋಂದಾಯಿಸಿದರು. ಹೋದ ಮಾಗಿಯಲ್ಲಿ ಸ್ನೇಹಿತರ ಊರಿಗೆ ಹೆಳವನು ಬಂದನಂತೆ. ಈಗ ಎತ್ತಿಲ್ಲ, ಮೋಟಾರುಬೈಕಿನಲ್ಲಿ ಬರುತ್ತಾನೆ. ಅಜ್ಜನು ಮೊಮ್ಮಗಳ ಹೆಸರನ್ನು ಬರೆದುಕೋ ಎಂದಾಗ, ಮಗಳ ಮಗಳು, ಅದೂ ಬೇರೆ ಮನೆಗೆ ಸೇರಿದ್ದು ಎಂದು ಅವನು ಸ್ವಲ್ಪ ಹೊತ್ತು ಲೇಖನಿಯನ್ನು ಹಿಡಿದು ನಿಂತನಂತೆ. ಆಮೇಲೆ ಹೆಸರಿನ ಕಾಗುಣಿತವನ್ನು ಎರಡು ಸಲ ಕೇಳಿ ತಿಳಿದು ಬರೆದುಕೊಂಡು, ಎರಡು ಸೇರು ರಾಗಿ ಹೆಚ್ಚಿಗೆ ತೆಗೆದುಕೊಂಡು ಹೋದನಂತೆ.